ಒಂದು ಮತ್ತು ಸೊನ್ನೆ: ಗಣಿತಜ್ಞ ಲೈಬ್ನಿಟ್ಸನ ಜೀವನ

ಗಡಿನಾಡಿನ ಕನ್ನಡಿಗರ ಸಂಘವೊಂದರ ವಾರ್ಷಿಕ ಸಂಚಿಕೆಯಲ್ಲಿ ಮುನ್ನೂರು ವರ್ಷಗಳ ಹಿಂದೆ ತೀರಿಕೊಂಡ ಜರ್ಮನ್ ಪಂಡಿತನೊಬ್ಬನ ಚರಿತ್ರೆಗೆ ಏನು ಸ್ಥಳವಿದೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಪ್ರಶ್ನೆ ಸಹಜವಾದುದೇ. ನಮ್ಮ ಕನ್ನಡ ಶಾಲೆಯ ಮಕ್ಕಳು ಇಂದು ಗಣಕಯಂತ್ರದ ಪಾಠದಲ್ಲಿ ದ್ವಿಮಾನ ಪದ್ಧತಿ ಎಂಬ ಮಾತನ್ನು ಕಲಿಯುತ್ತಾರೆ. ಒಂದು ಮತ್ತು ಸೊನ್ನೆ ಎಂಬ ಎರಡೇ ಅಂಕೆಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯಬಹುದೆಂದು ಮನೆಗೆ ಬಂದು ಹೇಳುತ್ತಾರೆ. ಇದನ್ನು ಯಾರು, ಯಾವ ಕಾಲದಲ್ಲಿ, ಏತಕ್ಕಾಗಿ ಚಿಂತಿಸಿದರೆಂದು ಅವರು ಕೇಳಿದರೆ ಮನೆಯ ಹಿರಿಯರಾದ ನಾವು ಉತ್ತರ ಕೊಡಲು ಶಕ್ತರಾಗಿರಬೇಡವೇ? ಅಲ್ಲದೆ, ಆ ಪಂಡಿತನ ಬಾಳಿನಲ್ಲಿ ನಾಡಿನ ಗಡಿಯನ್ನು ಮೀರಿ ನಮಗೂ ಸಲ್ಲುವ ಸಂಗತಿಗಳು ಕೆಲವಿವೆ. ಆದುದರಿಂದ ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸನ ಕಥೆಯನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸಲು ಯತ್ನಿಸಿದ್ದೇನೆ.

ಲೈಬ್ನಿಟ್ಸನು ೧೬೪೬ನೆಯ ಇಸವಿ ಜುಲೈ ೧ರಂದು ಜರ್ಮನ್ ನಾಡಿನ ಲೈಪ್‌ಜಿಗ್ ಪಟ್ಟಣದಲ್ಲಿ ಹುಟ್ಟಿದನು. ಮೂವತ್ತು ವರ್ಷಗಳ ಕಾಲ ಆ ನಾಡನ್ನು ಸುಟ್ಟು ಬೂದಿಮಾಡಿದ ಮತಯುದ್ಧವು ಇನ್ನೂ ಮುಗಿದಿರಲಿಲ್ಲ; ಅದು ಕೊನೆಗೊಂಡದ್ದು ೧೬೪೮ರಲ್ಲಿ. ತಂದೆ ಫ್ರೀಡ್ರಿಕ್ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನು. ಮಗನಿಗೆ ಆರು ವರ್ಷ ತುಂಬಿದ್ದಾಗಲೇ ತಂದೆ ತೀರಿಕೊಂಡನು. ಆತನು ಬಿಟ್ಟುಹೋದ ಆಸ್ತಿಯೆಂದರೆ ಕೋಣೆಯ ತುಂಬ ಪುಸ್ತಕಗಳು. ಹುಡುಗನು ಚಿತ್ರಗಳಿದ್ದ ಒಂದು ಲ್ಯಾಟಿನ್ ಚರಿತ್ರೆಯನ್ನು ಹಿಡಿದು, ಚಿತ್ರದ ನೆರವಿನಿಂದ ಮಾತನ್ನು ಊಹಿಸುತ್ತ, ಗುರುವಿನ ಸಹಾಯವಿಲ್ಲದೆ ಆ ಭಾಷೆಯನ್ನು ತಾನೇ ಕಲಿಯತೊಡಗಿದನು. ಈ ವಯಸ್ಸಿಗೆ ಇದು ತಕ್ಕುದಲ್ಲವೆಂದು ಉಪಾಧ್ಯಾಯನು ಪುಸ್ತಕವನ್ನು ಕಿತ್ತುಕೊಳ್ಳಬೇಕೆಂದನು. ದೈವವಶಾತ್ ಆ ಸಮಯದಲ್ಲಿ ಮನೆಗೆ ಬಂದಿದ್ದ ಒಬ್ಬ ವಿದ್ವಾಂಸನು ಹುಡುಗನನ್ನು ಪರೀಕ್ಷಿಸಿ ನೋಡಿ, ತಂದೆಯ ಪುಸ್ತಕಭಂಡಾರದ ಬಾಗಿಲನ್ನೇ ಅವನಿಗೆ ತೆರೆಯಿಸಿಕೊಟ್ಟನು. ಎಷ್ಟೋ ಪ್ರತಿಭೆಗಳು ಇಂತಹ ಒಬ್ಬ ಅತಿಥಿ ಸಕಾಲದಲ್ಲಿ ಬರದೆ ಕಮರಿಹೋಗುತ್ತವೆ. ಲೈಬ್ನಿಟ್ಸನ ಪಾಲಿಗೆ ಆ ಅತಿಥಿ ಬಂದನು.

೧೬೬೧ರಲ್ಲಿ, ಹದಿನೈದು ವರ್ಷ ತುಂಬುವ ಮೊದಲೇ, ಆತನು ವಿಶ್ವವಿದ್ಯಾನಿಲಯವನ್ನು ಸೇರಿದನು. ೧೬೬೩ರ ಬೇಸಿಗೆಯಲ್ಲಿ ಯೇನಾ ಎಂಬ ಊರಿಗೆ ಹೋಗಿ ಎರ್ಹಾರ್ಡ್ ವೈಗೆಲ್ ಎಂಬ ಗಣಿತ ಪ್ರಾಧ್ಯಾಪಕನ ಬಳಿ ಕೆಲವು ತಿಂಗಳು ಓದಿದನು. ಈ ವೈಗೆಲನು ವಿಚಿತ್ರ ಚಿಂತಕನು. ನಾವು ಹತ್ತು ಹತ್ತಾಗಿ ಎಣಿಸುವುದಕ್ಕೆ ನಮ್ಮ ಕೈಗಳಲ್ಲಿ ಹತ್ತು ಬೆರಳುಗಳಿರುವುದೇ ಕಾರಣವಾಗಿರುವಾಗ ಅದನ್ನು ಬಿಟ್ಟು ನಾಲ್ಕು ನಾಲ್ಕಾಗಿ ಎಣಿಸಿದರೆ ಲೆಕ್ಕ ಸುಲಭವಾಗುವುದೆಂದು ಆತನ ವಾದ. ೧೬೭೩ರಲ್ಲಿ ಆ ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ಹತ್ತೆಂಬುದು ಕಲ್ಲಿನಲ್ಲಿ ಕೊರೆದ ಕಟ್ಟಳೆಯಲ್ಲ, ಮನುಷ್ಯನ ರೂಢಿ ಮಾತ್ರ. ಬೇಕಾದರೆ ಬೇರೆ ಮಾನದಲ್ಲಿಯೂ ಎಣಿಸಬಹುದು. ಈ ಒಂದು ಅರಿವನ್ನು ಕೊಟ್ಟ ಗುರುವೆಂದು ವೈಗೆಲನನ್ನು ನೆನೆಯಬೇಕು. ಗುರುವು ನಾಲ್ಕಕ್ಕೆ ನಿಂತನು. ಶಿಷ್ಯನು ಮುಂದೆ ಎರಡಕ್ಕೆ ಇಳಿದನು. ಎರಡಕ್ಕಿಂತ ಕೆಳಗೆ ಸ್ಥಾನಬೆಲೆಯ ಬರವಣಿಗೆ ಇಲ್ಲ.

ನ್ಯಾಯಶಾಸ್ತ್ರದಲ್ಲಿ ಡಾಕ್ಟರ್ ಪದವಿಗೆ ಲೈಬ್ನಿಟ್ಸನು ೧೬೬೬ರಲ್ಲಿ ತನ್ನ ಹುಟ್ಟೂರಿನಲ್ಲಿ ಅರ್ಜಿಯಿಟ್ಟಾಗ ಅಲ್ಲಿಯವರು ಕೊಡಲೊಪ್ಪಲಿಲ್ಲ. ವಯಸ್ಸು ಸಾಲದೆಂಬುದು ಮುಖ್ಯ ತೊಡಕಾಯಿತು. ಇಪ್ಪತ್ತರ ತರುಣನು ಹುಟ್ಟೂರನ್ನು ತೊರೆದು ಆಲ್ಟ್‌ಡಾರ್ಫಿಗೆ ಹೋಗಿ ೧೬೬೭ರಲ್ಲಿ ಆ ಪದವಿಯನ್ನು ಪಡೆದನು. ಅಲ್ಲಿಯೇ ಪ್ರಾಧ್ಯಾಪಕನಾಗಬಹುದಾಗಿದ್ದರೂ ಒಲ್ಲೆನೆಂದನು. ವಿದ್ಯೆಯು ಶಾಲೆಯ ಗೋಡೆಗಳೊಳಗೆ ಕೂರಬಾರದು, ಲೋಕದ ಆಡಳಿತಕ್ಕೆ ಒದಗಬೇಕು ಎಂಬುದು ಆತನ ಜೀವನದ ನಂಬಿಕೆ. ಆದುದರಿಂದ ಮೈನ್ಸ್ ಸಂಸ್ಥಾನದ ಸೇವೆಗೆ ಸೇರಿ, ೧೬೭೨ರಲ್ಲಿ ರಾಜಕಾರ್ಯದ ನಿಮಿತ್ತ ಪ್ಯಾರಿಸಿಗೆ ಹೋದನು.

ಪ್ಯಾರಿಸಿನಲ್ಲಿ ಕಳೆದ ನಾಲ್ಕು ವರ್ಷಗಳು ಆತನ ಬಾಳಿನ ವಸಂತಕಾಲ. ಹೈಗೆನ್ಸ್ ಎಂಬ ಮಹಾಗಣಿತಜ್ಞನು ಆತನ ಕೈಹಿಡಿದು ನಡೆಸಿದನು. ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಂಬ ನಾಲ್ಕು ಕ್ರಿಯೆಗಳನ್ನೂ ಮಾಡುವ ಯಂತ್ರವೊಂದನ್ನು ಕಲ್ಪಿಸಿ, ಅದರ ಅಪೂರ್ಣ ಮಾದರಿಯನ್ನು ೧೬೭೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆತನು ತೋರಿಸಿದನು. ಅದೇ ವರ್ಷ ಆ ಸಂಸ್ಥೆಯ ಸದಸ್ಯನೂ ಆದನು. ಒಂದರಿಂದ ಮೂರನೆಯ ಒಂದು ಭಾಗವನ್ನು ಕಳೆದು, ಐದನೆಯ ಒಂದು ಭಾಗವನ್ನು ಕೂಡಿಸಿ, ಏಳನೆಯ ಒಂದು ಭಾಗವನ್ನು ಕಳೆದು, ಹೀಗೆ ಕೊನೆಯಿಲ್ಲದೆ ಸಾಗಿದರೆ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯ ನಾಲ್ಕನೆಯ ಒಂದು ಭಾಗ ದೊರೆಯುವುದೆಂದು ಆತನು ಕಂಡುಕೊಂಡುದು ಇಲ್ಲಿಯೇ. ಕೇರಳದ ಸಂಗಮಗ್ರಾಮದ ಮಾಧವನು ಇದೇ ಶ್ರೇಢಿಯನ್ನು ಆತನಿಗಿಂತ ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಅರಿತಿದ್ದನೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತವಾಗಿದೆ. ಇಬ್ಬರಲ್ಲಿ ಯಾರೂ ಮತ್ತೊಬ್ಬರಿಂದ ಎರವಲು ಪಡೆಯಲಿಲ್ಲ. ಸತ್ಯಕ್ಕೆ ಎರಡು ದಾರಿಗಳಿಂದ ಇಬ್ಬರು ಬಂದು ತಲುಪಿದರು.

೧೬೭೫ರಲ್ಲಿ ಕಲನಶಾಸ್ತ್ರದ ಮೂಲ ಸೂತ್ರಗಳು ಆತನ ಟಿಪ್ಪಣಿಗಳಲ್ಲಿ ರೂಪುಗೊಂಡವು. ಇಂದು ಕಾಲೇಜಿನ ಹುಡುಗರು ಬರೆಯುವ, ನೀಳವಾದ ಹಾವಿನಂತಹ ಸಂಕಲನ ಚಿಹ್ನೆಯು ಆತನು ಆಗ ಹೊಸದಾಗಿ ಬರೆದುದೇ. ಆದರೆ ಪ್ಯಾರಿಸಿನಲ್ಲಿ ಆತನಿಗೆ ಸ್ಥಿರವಾದ ಉದ್ಯೋಗ ದೊರೆಯಲಿಲ್ಲ. ೧೬೭೬ರ ಕೊನೆಯಲ್ಲಿ ಹ್ಯಾನೋವರಿನ ಡ್ಯೂಕನ ಗ್ರಂಥಭಂಡಾರಿಯಾಗಿಯೂ ಸಲಹೆಗಾರನಾಗಿಯೂ ಹೋಗಿ ಸೇರಿದನು. ಅಲ್ಲಿಂದ ಮುಂದೆ ನಲವತ್ತು ವರ್ಷ, ಒಬ್ಬರಾದ ಮೇಲೊಬ್ಬರಂತೆ ಮೂವರು ಪ್ರಭುಗಳ ಕೈಕೆಳಗೆ, ಅದೇ ಸಂಸ್ಥಾನದಲ್ಲಿ ಆತನ ಬಾಳು ಸವೆಯಿತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ೧೬೭೯ರ ಮಾರ್ಚ್ ೧೫ರ ದಿನಾಂಕವುಳ್ಳ ಒಂದು ಹಸ್ತಪ್ರತಿಯಲ್ಲಿ ಲೈಬ್ನಿಟ್ಸನು ಎರಡೇ ಅಂಕೆಗಳ ಲೆಕ್ಕವನ್ನು ಕ್ರಮವಾಗಿ ವಿವರಿಸಿದ್ದಾನೆ. ಇದನ್ನು ತಿಳಿಯಲು ನಮಗೆ ದೊಡ್ಡ ಶಾಸ್ತ್ರದ ಆವಶ್ಯಕತೆಯಿಲ್ಲ. ನಮ್ಮ ಹಿರಿಯರ ಹಣದ ಚೀಲವೇ ಸಾಕು. ೧೯೫೭ರಲ್ಲಿ ದಶಮಾನ ನಾಣ್ಯಗಳು ಬರುವ ತನಕ ರೂಪಾಯಿಗೆ ಹದಿನಾರು ಆಣೆಗಳಿದ್ದವು. ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆಯ ನಾಣ್ಯಗಳು ಚಲಾವಣೆಯಲ್ಲಿದ್ದವು. ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಈ ನಾಲ್ಕು ನಾಣ್ಯಗಳಲ್ಲಿ ಒಂದೊಂದನ್ನು ಮಾತ್ರ ಇಟ್ಟುಕೊಂಡವನು ಒಂದಾಣೆಯಿಂದ ಹದಿನೈದಾಣೆಯವರೆಗೆ ಯಾವ ಮೊತ್ತವನ್ನಾದರೂ ಚಿಲ್ಲರೆ ಕೇಳದೆ ಕೊಡಬಲ್ಲನು. ಹದಿಮೂರಾಣೆ ಕೊಡಬೇಕೇ? ಎಂಟಾಣೆ ಕೊಡು, ನಾಲ್ಕಾಣೆ ಕೊಡು, ಎರಡಾಣೆಯನ್ನು ಉಳಿಸಿಕೋ, ಒಂದಾಣೆ ಕೊಡು. ಕೊಟ್ಟ ನಾಣ್ಯಕ್ಕೆ ೧ ಎಂದೂ ಉಳಿಸಿಕೊಂಡ ನಾಣ್ಯಕ್ಕೆ ೦ ಎಂದೂ ಬರೆದರೆ ೧೧೦೧ ಎಂದಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಹದಿಮೂರನ್ನು ಬರೆಯುವ ರೀತಿ ಇದೇ. ಪ್ರತಿಯೊಂದು ಮೊತ್ತಕ್ಕೂ ಒಂದೇ ಒಂದು ದಾರಿ. ಎರಡು ಬಗೆಯಾಗಿ ಕೊಡಲು ಸಾಧ್ಯವೇ ಇಲ್ಲ. ಲೈಬ್ನಿಟ್ಸನೂ ಈ ಗುಣವನ್ನು ಗಮನಿಸಿ, ಚಿನ್ನ ಬೆಳ್ಳಿಗಳನ್ನು ಪರೀಕ್ಷಿಸುವವರು ಕೆಲವೇ ತೂಕದ ಕಲ್ಲುಗಳಿಂದ ಎಲ್ಲ ತೂಕಗಳನ್ನೂ ತೂಗುವುದು ಇದರಿಂದಲೇ ಎಂದೂ, ನಾಣ್ಯಗಳಿಗೂ ಇದೇ ಕ್ರಮ ಒಪ್ಪುವುದೆಂದೂ ಬರೆದನು.

ಈ ಪದ್ಧತಿಯಲ್ಲಿ ಒಂದು ೧, ಎರಡು ೧೦, ಮೂರು ೧೧, ನಾಲ್ಕು ೧೦೦, ಐದು ೧೦೧, ಆರು ೧೧೦, ಏಳು ೧೧೧, ಎಂಟು ೧೦೦೦. ನಮ್ಮ ದಶಮಾನ ಪದ್ಧತಿಯಲ್ಲಿ ಸಂಖ್ಯೆಯ ಕೊನೆಗೆ ಸೊನ್ನೆ ಸೇರಿಸಿದರೆ ಅದು ಹತ್ತು ಮಡಿಯಾಗುವಂತೆ ಇಲ್ಲಿ ಎರಡು ಮಡಿಯಾಗುತ್ತದೆ. ಕೊನೆಯ ಅಂಕೆ ಸೊನ್ನೆಯಾದರೆ ಸಂಖ್ಯೆ ಸಮ, ಒಂದಾದರೆ ಬೆಸ. ಗುಣಾಕಾರಕ್ಕೆ ಮಗ್ಗಿಯನ್ನು ಕಂಠಪಾಠ ಮಾಡಬೇಕಾದುದಿಲ್ಲ. ಒಂದೊಂದ್ಲ ಒಂದು ಎಂಬುದೊಂದೇ ಇಲ್ಲಿಯ ಮಗ್ಗಿ. ಐದನ್ನು ಮೂರರಿಂದ ಗುಣಿಸಬೇಕಾದರೆ ೧೦೧ನ್ನು ಒಮ್ಮೆ ಹಾಗೆಯೇ ಬರೆದು, ಮತ್ತೊಮ್ಮೆ ಒಂದು ಸ್ಥಾನ ಎಡಕ್ಕೆ ಸರಿಸಿ ೧೦೧೦ ಎಂದು ಬರೆದು ಕೂಡಿಸಿದರಾಯಿತು. ೧೧೧೧, ಅಂದರೆ ಹದಿನೈದು, ಬರುತ್ತದೆ. ಕೂಡಿಸುವಾಗ ಒಂದಕ್ಕೆ ಒಂದು ಸೇರಿದರೆ ಸೊನ್ನೆಯನ್ನಿಟ್ಟು ದಶಕದಂತೆ ಒಂದನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕು, ಅಷ್ಟೇ.

ಹತ್ತರ ಮಾನದಲ್ಲಿ ಅಡಗಿರುವ ಕೆಲವು ಗುಣಗಳು ಎರಡರ ಮಾನದಲ್ಲಿ ಕಣ್ಣಿಗೆ ಕಾಣುವಂತಾಗುತ್ತವೆ ಎಂಬುದೇ ಇದರ ದೊಡ್ಡ ಬೆಡಗು. ಒಂದು ಉದಾಹರಣೆ ಸಾಕು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗಿರುವ ಸಂಖ್ಯೆಯನ್ನು ಗ್ರೀಕರ ಕಾಲದಿಂದಲೂ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಆರರ ಭಾಜಕಗಳು ಒಂದು, ಎರಡು, ಮೂರು, ಕೂಡಿಸಿದರೆ ಆರು. ಅನಂತರದವು ೨೮, ೪೯೬, ೮೧೨೮. ಹೀಗೆ ಬರೆದಾಗ ಇವುಗಳಲ್ಲಿ ಯಾವ ಸಂಬಂಧವೂ ಕಾಣುವುದಿಲ್ಲ. ದ್ವಿಮಾನದಲ್ಲಿ ಬರೆಯೋಣ: ಆರು ೧೧೦, ಇಪ್ಪತ್ತೆಂಟು ೧೧೧೦೦, ನಾನೂರ ತೊಂಬತ್ತಾರು ೧೧೧೧೧೦೦೦೦, ಎಂಟು ಸಾವಿರದ ನೂರ ಇಪ್ಪತ್ತೆಂಟು ೧೧೧೧೧೧೧೦೦೦೦೦೦. ಮೊದಲು ಒಂದುಗಳ ಸಾಲು, ಬಳಿಕ ಅದಕ್ಕಿಂತ ಒಂದು ಕಡಮೆಯಾದ ಸೊನ್ನೆಗಳ ಸಾಲು. ನಾಲ್ವರೂ ಒಂದೇ ಮನೆತನದವರೆಂಬುದು ಮುಖ ನೋಡಿದೊಡನೆ ತಿಳಿಯುತ್ತದೆ. ಸಂಖ್ಯೆ ಅದೇ, ಉಡುಪು ಬದಲಾಯಿತು, ಒಳಗಿನ ಕ್ರಮ ಹೊರಗೆ ಬಂದಿತು.

ಲೈಬ್ನಿಟ್ಸನು ವಿಶೇಷವಾಗಿ ಮೆಚ್ಚಿದುದು ಮತ್ತೊಂದು ಗುಣವನ್ನು. ಸೊನ್ನೆಯಿಂದ ಮೊದಲ್ಗೊಂಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಮೇಲಿನಿಂದ ಕೆಳಕ್ಕೆ ಓದಿದರೆ, ಬಲತುದಿಯ ಸಾಲಿನಲ್ಲಿ ಸೊನ್ನೆ ಒಂದು, ಸೊನ್ನೆ ಒಂದು ಎಂದು ಬರುತ್ತದೆ. ಅದರ ಎಡದ ಸಾಲಿನಲ್ಲಿ ಎರಡು ಸೊನ್ನೆ, ಎರಡು ಒಂದು. ಮುಂದಿನದರಲ್ಲಿ ನಾಲ್ಕು ಸೊನ್ನೆ, ನಾಲ್ಕು ಒಂದು. ಹೀಗೆ ಇಮ್ಮಡಿಸುತ್ತ ಹೋಗುತ್ತದೆ. ನಮ್ಮ ಛಂದಸ್ಸನ್ನು ಓದಿದವರಿಗೆ ಇದು ಹಳೆಯ ಪರಿಚಯದಂತೆ ತೋರದೆ ಇರದು. ಮೂರಕ್ಷರದ ಗಣಗಳನ್ನು ಪ್ರಸ್ತಾರ ಹಾಕುವಾಗ ಮೊದಲ ಸ್ಥಾನದಲ್ಲಿ ಗುರು ಲಘು ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ನಾಲ್ಕು ನಾಲ್ಕಾಗಿ ಬರೆದು, ಮಗಣದಿಂದ ನಗಣದವರೆಗೆ ಎಂಟು ಗಣಗಳನ್ನು ಪಡೆಯುತ್ತೇವೆ. ಎರಡು ಚಿಹ್ನೆ, ಮೂರು ಸ್ಥಾನ, ಎಂಟು ರೂಪ. ಪಿಂಗಳನ ಪರಂಪರೆಯಿಂದ ಬಂದು ನಮ್ಮ ನಾಗವರ್ಮನೂ ಕೈಗೊಂಡ ಗಣವಿಭಾಗದಲ್ಲಿ ಅಡಗಿರುವ ಲೆಕ್ಕವೂ ಎರಡರ ಲೆಕ್ಕವೇ. ಲೈಬ್ನಿಟ್ಸನು ಇದನ್ನು ನಮ್ಮಿಂದ ಕಲಿತನೆಂದು ಹೇಳಿದರೆ ಅದು ಅಭಿಮಾನದ ಮಾತಾದೀತೇ ಹೊರತು ಸತ್ಯದ ಮಾತಾಗದು. ಎರಡನ್ನು ಮತ್ತೆ ಮತ್ತೆ ಇಮ್ಮಡಿಸುವ ಕಡೆಗಳಲ್ಲೆಲ್ಲ ಈ ಕ್ರಮ ತಾನಾಗಿ ತೋರುತ್ತದೆ.

ಯುರೋಪಿನಲ್ಲಿಯಾದರೂ ಆತನೇ ಮೊದಲಿಗನಲ್ಲ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟನು ಆತನಿಗಿಂತ ಮುಂಚೆ ಈ ಅಂಕೆಗಳನ್ನು ತನ್ನ ಖಾಸಗಿ ಹಾಳೆಗಳಲ್ಲಿ ಬರೆದಿಟ್ಟಿದ್ದನು. ಸ್ಪೇನಿನ ಕಾರಾಮುಯೆಲನು ೧೬೭೦ರಲ್ಲಿ ಮುದ್ರಿಸಿದ ಗ್ರಂಥದಲ್ಲಿ ಇದರ ಪ್ರಸ್ತಾಪ ಮಾಡಿದ್ದನು. ಆದರೆ ಇದನ್ನು ಒಂದು ಸಮಗ್ರ ಗಣಿತವಾಗಿ ಬೆಳೆಸಿ, ಇದರಲ್ಲಿ ಯಂತ್ರವೊಂದರ ಕಲ್ಪನೆಯನ್ನೂ ಕಂಡವನು ಲೈಬ್ನಿಟ್ಸನೇ. ೧೬೭೯ರ ಅದೇ ಹಸ್ತಪ್ರತಿಯಲ್ಲಿ ಆತನು ರಂಧ್ರಗಳುಳ್ಳ ಒಂದು ಪೆಟ್ಟಿಗೆಯನ್ನು ವರ್ಣಿಸಿದ್ದಾನೆ. ಒಂದು ಬರಬೇಕಾದೆಡೆ ರಂಧ್ರವನ್ನು ತೆರೆಯಬೇಕು, ಸೊನ್ನೆಯಿರುವೆಡೆ ಮುಚ್ಚಬೇಕು. ತೆರೆದ ರಂಧ್ರಗಳಿಂದ ಗುಂಡುಗಳು ಕೆಳಗಿನ ಕಾಲುವೆಗಳಿಗೆ ಉರುಳಿ ಲೆಕ್ಕ ಮಾಡುತ್ತವೆ. ತೆರೆದರೆ ಒಂದು, ಮುಚ್ಚಿದರೆ ಸೊನ್ನೆ! ಇಂದಿನ ಗಣಕಯಂತ್ರದ ಒಳಗುಟ್ಟು ಇದೇ ಅಲ್ಲವೇ? ಆದರೆ ಆ ಪೆಟ್ಟಿಗೆಯನ್ನು ಆತನು ಕಟ್ಟಲಿಲ್ಲ. ಆತನು ಹಣವನ್ನೂ ಆಯುಷ್ಯವನ್ನೂ ಸುರಿದು ಮಾಡಿಸಿದ ಯಂತ್ರವು ರೂಢಿಯ ಹತ್ತಂಕೆಗಳದು. ಆತನ ಮರಣಾನಂತರ ಅದು ಕಣ್ಮರೆಯಾಗಿ, ೧೮೭೯ರಲ್ಲಿ ಗಾಟಿಂಗನ್ ವಿಶ್ವವಿದ್ಯಾನಿಲಯದ ಅಟ್ಟದ ಮೇಲೆ ದೊರೆಯಿತು.

ಭಕ್ತನಾದ ಲೈಬ್ನಿಟ್ಸನಿಗೆ ಈ ಎರಡು ಅಂಕೆಗಳಲ್ಲಿ ಲೆಕ್ಕಕ್ಕಿಂತ ಹಿರಿದಾದ ಅರ್ಥ ಹೊಳೆಯಿತು. ಒಂದು ಎಂಬುದು ದೇವರು. ಸೊನ್ನೆ ಎಂಬುದು ಶೂನ್ಯ. ಇವೆರಡರಿಂದಲೇ ಎಲ್ಲ ಸಂಖ್ಯೆಗಳೂ ಹುಟ್ಟುವಂತೆ ದೇವರು ಶೂನ್ಯದಿಂದ ಜಗತ್ತನ್ನು ಸೃಜಿಸಿದನೆಂದು ಆತನು ಭಾವಿಸಿದನು. ೧೬೯೭ರ ಹೊಸವರ್ಷದಲ್ಲಿ ರುಡಾಲ್ಫ್ ಆಗಸ್ಟ್ ಎಂಬ ಡ್ಯೂಕನಿಗೆ ಪತ್ರ ಬರೆದು, ಈ ಭಾವವನ್ನು ಕೆತ್ತಿದ ಒಂದು ಪದಕದ ವಿನ್ಯಾಸವನ್ನು ಸೂಚಿಸಿದನು. ಸೃಷ್ಟಿಯು ಪೂರ್ಣವಾದ ಏಳನೆಯ ದಿನದ ಸಂಖ್ಯೆಯು ೧೧೧ ಎಂದು ಸೊನ್ನೆಯ ಸೋಂಕಿಲ್ಲದೆ ಬರುವುದನ್ನು ಕಂಡು ಆನಂದಪಟ್ಟನು.

ಪಂಡಿತಲೋಕವು ಮಾತ್ರ ಇದನ್ನು ಆದರಿಸಲಿಲ್ಲ. ೧೭೦೧ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಈ ಕುರಿತು ಒಂದು ಪ್ರಬಂಧವನ್ನು ಕಳುಹಿಸಿದಾಗ, ಅಲ್ಲಿಯ ಕಾರ್ಯದರ್ಶಿ ಫಾಂಟೆನೆಲನಿಗೆ ಇದರ ಉಪಯೋಗವೇನೆಂಬುದು ತಿಳಿಯಲಿಲ್ಲ. ಸಾವಿರ ಎಂಬ ಸಂಖ್ಯೆಯನ್ನು ೧೧೧೧೧೦೧೦೦೦ ಎಂದು ಹತ್ತು ಅಂಕೆಗಳಲ್ಲಿ ಬರೆಯಬೇಕಾದ ಪದ್ಧತಿಯಿಂದ ಯಾರಿಗೆ ಏನು ಲಾಭ? ಲೈಬ್ನಿಟ್ಸನಿಗೂ ಈ ತೊಡಕು ತಿಳಿಯದುದಲ್ಲ. ಪೇಟೆಯ ವ್ಯವಹಾರಕ್ಕೆ ಹತ್ತರ ಪದ್ಧತಿಯೇ ಇರಲಿ ಎಂಬುದು ಆತನ ಅಭಿಪ್ರಾಯವೂ ಆಗಿತ್ತು. ಹದಿನಾರನ್ನು ಮಾನವಾಗಿಟ್ಟು ಬರೆಯುವ ಕ್ರಮವನ್ನೂ ಆತನು ಪರೀಕ್ಷಿಸಿ ನೋಡಿದ್ದನು. ಆದರೆ ಸಂಖ್ಯೆಗಳ ಒಳಗುಣವನ್ನು ಅರಿಯಲು ಎರಡರ ಮಾನವೇ ಕನ್ನಡಿಯೆಂದು ಆತನ ದೃಢವಾದ ನಂಬಿಕೆ. ಆದರೂ ಪ್ರಬಂಧವನ್ನು ಮುದ್ರಿಸುವುದು ಬೇಡವೆಂದು ತಾನೇ ತಡೆಹಿಡಿದನು.

ಅಷ್ಟರಲ್ಲಿ ಒಂದು ಅನಿರೀಕ್ಷಿತ ಸಂಗತಿ ನಡೆಯಿತು. ಚೀನದ ಪೆಕಿಂಗ್ ನಗರದಲ್ಲಿದ್ದ ಬೂವೆ ಎಂಬ ಫ್ರೆಂಚ್ ಪಾದ್ರಿಗೆ ಲೈಬ್ನಿಟ್ಸನು ತನ್ನ ಅಂಕೆಗಳನ್ನು ವಿವರಿಸಿ ಬರೆದಿದ್ದನು. ಬೂವೆ ೧೭೦೧ರ ನವೆಂಬರಿನಲ್ಲಿ ಬರೆದ ಉತ್ತರವು ಹದಿನೇಳು ತಿಂಗಳು ಕಡಲಿನಲ್ಲಿಯೂ ದಾರಿಯಲ್ಲಿಯೂ ಕಳೆದು ೧೭೦೩ರ ಏಪ್ರಿಲ್ ಮೊದಲಲ್ಲಿ ಕೈಸೇರಿತು. ಅದರೊಡನೆ ಚೀನೀಯರ ಪ್ರಾಚೀನ ಶಾಸ್ತ್ರಗ್ರಂಥವಾದ ಈ ಚಿಂಗ್‌ನ ಅರುವತ್ತನಾಲ್ಕು ರೇಖಾಕೃತಿಗಳ ಒಂದು ಚಿತ್ರವಿತ್ತು. ಇಡೀ ಗೆರೆ ಮತ್ತು ತುಂಡುಗೆರೆ ಎಂಬ ಎರಡೇ ಚಿಹ್ನೆಗಳು, ಆರು ಸ್ಥಾನಗಳು. ತುಂಡುಗೆರೆಯನ್ನು ಸೊನ್ನೆಯೆಂದೂ ಇಡೀ ಗೆರೆಯನ್ನು ಒಂದೆಂದೂ ಓದಿದರೆ ಸೊನ್ನೆಯಿಂದ ಅರುವತ್ತಮೂರರವರೆಗಿನ ಸಂಖ್ಯೆಗಳು ಸಾಲಾಗಿ ನಿಂತಂತೆ ಕಂಡಿತು. ಲೈಬ್ನಿಟ್ಸನ ಸಂತೋಷಕ್ಕೆ ಮೇರೆಯಿಲ್ಲದಾಯಿತು. ಒಂದು ವಾರದೊಳಗೆ ಹೊಸ ಪ್ರಬಂಧವನ್ನು ಬರೆದು ಪ್ಯಾರಿಸಿಗೆ ಕಳುಹಿಸಿದನು. ಅದು ಅಕಾಡೆಮಿಯ ೧೭೦೩ನೆಯ ವರ್ಷದ ಸಂಪುಟದಲ್ಲಿ ಸೇರಿ ೧೭೦೫ರಲ್ಲಿ ಅಚ್ಚಾಯಿತು. ಚೀನೀಯರು ಆ ರೇಖೆಗಳಿಂದ ಲೆಕ್ಕ ಮಾಡುತ್ತಿರಲಿಲ್ಲವೆಂದೂ, ಆತನು ಕಂಡ ಜೋಡಣೆಯು ಹನ್ನೊಂದನೆಯ ಶತಮಾನದ ಶಾವೋ ಯುಂಗ್ ಎಂಬ ಪಂಡಿತನ ಕ್ರಮವೆಂದೂ ಇಂದು ವಿದ್ವಾಂಸರು ತಿಳಿದಿದ್ದಾರೆ. ಆಕಾರದ ಹೋಲಿಕೆಯನ್ನು ಅರ್ಥದ ಏಕತೆಯೆಂದು ಭ್ರಮಿಸುವುದು ಮಹಾಬುದ್ಧಿವಂತರಿಗೂ ತಪ್ಪಿದ್ದಲ್ಲ. ಆದರೂ ಯುರೋಪೇ ಲೋಕದ ತಲೆಯೆಂದು ಗರ್ವಪಡುತ್ತಿದ್ದ ಕಾಲದಲ್ಲಿ, ಏಷ್ಯದ ಪೂರ್ವಿಕರಿಗೂ ತನ್ನ ಗಣಿತ ತಿಳಿದಿತ್ತೆಂದು ಸಂತೋಷಪಟ್ಟ ಆ ಹೃದಯವು ದೊಡ್ಡದೆಂದೇ ಹೇಳಬೇಕು.

ನಮ್ಮಂತಹ ಭಾಷಾಸಂಘದವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಲೈಬ್ನಿಟ್ಸನ ಕಾಲದಲ್ಲಿ ಜರ್ಮನ್ ಭಾಷೆಗೆ ತನ್ನ ನಾಡಿನಲ್ಲಿಯೇ ಮನ್ನಣೆಯಿರಲಿಲ್ಲ. ಪಂಡಿತರು ಲ್ಯಾಟಿನಿನಲ್ಲಿಯೂ ಅರಮನೆಯವರು ಫ್ರೆಂಚಿನಲ್ಲಿಯೂ ಬರೆಯುತ್ತಿದ್ದರು. ಲೈಬ್ನಿಟ್ಸನೂ ಬಹುಪಾಲು ಅವೆರಡರಲ್ಲಿಯೇ ಬರೆದನು. ಆದರೆ ತಾಯಿನುಡಿಯನ್ನು ಬೆಳೆಸಬೇಕೆಂದು ತನ್ನ ಜನಕ್ಕೆ ಒತ್ತಾಯಪಡಿಸಿ ಆತನು ಜರ್ಮನಿನಲ್ಲಿಯೇ ಪ್ರಬಂಧಗಳನ್ನು ಬರೆದನು. ಗಣಿ, ಬೇಟೆ, ಕೈಕಸುಬುಗಳಿಗೆ ಸಂಬಂಧಿಸಿದ ಮಾತುಗಳಲ್ಲಿ ಜರ್ಮನ್ ಶ್ರೀಮಂತವಾಗಿದೆ. ಕಣ್ಣಿಗೆ ಕಾಣದ ವಿಚಾರಗಳನ್ನು ಹೇಳುವುದರಲ್ಲಿ ಮಾತ್ರ ಬಡವಾಗಿದೆ. ಆದುದರಿಂದ ಕಸುಬುದಾರರ ಬಾಯಲ್ಲಿರುವ ಪದಗಳನ್ನು ಸಂಗ್ರಹಿಸಿ ನಿಘಂಟು ಮಾಡಬೇಕು ಎಂಬುದು ಆತನ ಸಲಹೆ. ಈ ಪ್ರಬಂಧಗಳಲ್ಲಿ ಒಂದು ಆತನು ತೀರಿಕೊಂಡ ಮರುವರ್ಷ, ೧೭೧೭ರಲ್ಲಿ, ಅಚ್ಚಾಯಿತು. ಮುಂದೆ ಆ ಭಾಷೆಯು ತತ್ತ್ವಶಾಸ್ತ್ರದ ಭಾಷೆಯೆಂದೇ ಲೋಕದಲ್ಲಿ ಹೆಸರಾಯಿತೆಂಬುದು ಭಾಷೆಯ ಏಳಿಗೆಯಲ್ಲಿ ನಿರಾಶೆಗೆ ಎಡೆಯಿಲ್ಲವೆಂಬುದಕ್ಕೆ ಸಾಕ್ಷಿ.

ಆತನ ಕೊನೆಯ ದಿನಗಳು ಮಾತ್ರ ಶೋಕಮಯವಾದುವು. ಹಾರ್ಟ್ಸ್ ಪರ್ವತದ ಬೆಳ್ಳಿಯ ಗಣಿಗಳಿಂದ ಗಾಳಿಯಂತ್ರದ ನೆರವಿನಿಂದ ನೀರನ್ನು ಮೇಲೆತ್ತುವ ಯೋಜನೆಯಲ್ಲಿ ಆತನು ವರ್ಷಗಟ್ಟಲೆ ದುಡಿದನು. ೧೬೮೫ರಲ್ಲಿ ಅದನ್ನು ಕೈಬಿಡಬೇಕಾಯಿತು. ಅದೇ ವರ್ಷ ರಾಜವಂಶದ ಚರಿತ್ರೆಯನ್ನು ಬರೆಯುವ ಹೊಣೆ ಹೆಗಲಿಗೇರಿತು. ಅದು ಸಾಯುವವರೆಗೂ ಇಳಿಯಲಿಲ್ಲ. ೧೭೦೦ರಲ್ಲಿ ಬರ್ಲಿನ್ನಿನಲ್ಲಿ ವಿಜ್ಞಾನ ಸಂಸ್ಥೆಯನ್ನು ಕಟ್ಟಿಸಿ ಅದರ ಮೊದಲ ಅಧ್ಯಕ್ಷನಾದನು. ಅದಕ್ಕೆ ಆಶ್ರಯವಾಗಿದ್ದ ರಾಣಿ ಸೋಫಿ ಷಾರ್ಲಾಟೆ ೧೭೦೫ರಲ್ಲಿ ತೀರಿಕೊಂಡಳು. ಕಲನಶಾಸ್ತ್ರವನ್ನು ಆತನು ನ್ಯೂಟನ್ನನಿಂದ ಕದ್ದನೆಂಬ ಅಪವಾದ ಹಬ್ಬಿತು. ಲಂಡನ್ನಿನ ರಾಯಲ್ ಸೊಸೈಟಿಯು ೧೭೧೨ರಲ್ಲಿ ವಿಚಾರಣೆ ಮಾಡಿ ಆತನಿಗೆ ಪ್ರತಿಕೂಲವಾಗಿ ತೀರ್ಮಾನಿಸಿತು. ಆಗ ಆ ಸಂಸ್ಥೆಯ ಅಧ್ಯಕ್ಷನು ನ್ಯೂಟನ್ನನೇ. ತೀರ್ಮಾನದ ವರದಿಯಲ್ಲಿಯೂ ಆತನ ಕೈಯೇ ಮುಖ್ಯವಾಗಿತ್ತು. ಇಬ್ಬರೂ ಸ್ವತಂತ್ರವಾಗಿ ಕಂಡುಹಿಡಿದರೆಂದು, ನ್ಯೂಟನ್ನನು ಮೊದಲು ಕಂಡನು, ೧೬೮೪ರಲ್ಲಿ ಮೊದಲು ಪ್ರಕಟಿಸಿದವನು ಲೈಬ್ನಿಟ್ಸನೆಂದು ಇಂದಿನ ಚರಿತ್ರಕಾರರು ಒಪ್ಪಿದ್ದಾರೆ. ಆದರೆ ಆ ನ್ಯಾಯವನ್ನು ಕೇಳಲು ಆತನು ಉಳಿದಿರಲಿಲ್ಲ.

೧೭೧೪ರಲ್ಲಿ ಹ್ಯಾನೋವರಿನ ಪ್ರಭುವು ಬ್ರಿಟನ್ನಿನ ಸಿಂಹಾಸನವನ್ನೇರಿ ಪರಿವಾರಸಮೇತನಾಗಿ ಲಂಡನ್ನಿಗೆ ಹೋದನು. ವೃದ್ಧ ಸೇವಕನಿಗೆ ಮಾತ್ರ ಅಲ್ಲಿಗೆ ಕರೆ ಬರಲಿಲ್ಲ. ವಂಶಚರಿತ್ರೆಯನ್ನು ಮುಗಿಸಿ ಎಂಬ ಆಜ್ಞೆ ಬಂದಿತು. ಸಂಧಿವಾತದಿಂದ ನರಳುತ್ತ ಆತನು ಬರೆಯುತ್ತಲೇ ಇದ್ದನು. ಕ್ರಿ.ಶ. ೭೬೮ರಿಂದ ಹೊರಟ ಚರಿತ್ರೆ ೧೦೦೫ನೆಯ ಇಸವಿಗೆ ಬಂದು ನಿಂತಿತು. ೧೭೧೬ರ ನವೆಂಬರ್ ೧೪ರಂದು ಲೈಬ್ನಿಟ್ಸನು ಕಣ್ಣು ಮುಚ್ಚಿದನು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ನಲವತ್ತು ವರ್ಷ ಸೇವೆ ಮಾಡಿದ ಆಸ್ಥಾನದಿಂದ ಶವಸಂಸ್ಕಾರಕ್ಕೆ ಯಾರೂ ಬರಲಿಲ್ಲ. ಆತನ ಕಾರ್ಯದರ್ಶಿಯು ಮಾತ್ರ ಜೊತೆಯಲ್ಲಿ ನಿಂತಿದ್ದನು. ಸಮಾಧಿಗೆ ಐವತ್ತು ವರ್ಷಗಳಿಗೂ ಮೀರಿ ಹೆಸರಿನ ಕಲ್ಲಿರಲಿಲ್ಲ. ಆತನು ಕಟ್ಟಿದ ಬರ್ಲಿನ್ನಿನ ಸಂಸ್ಥೆ ಸುಮ್ಮನಿತ್ತು. ಲಂಡನ್ನಿನ ಸಂಸ್ಥೆಯೂ ಸುಮ್ಮನಿತ್ತು. ಪ್ಯಾರಿಸಿನ ಅಕಾಡೆಮಿಯಲ್ಲಿ ಮಾತ್ರ ೧೭೧೭ರಲ್ಲಿ ಆತನನ್ನು ಕುರಿತ ಶ್ರದ್ಧಾಂಜಲಿಯ ಭಾಷಣ ನಡೆಯಿತು. ಅದನ್ನು ಮಾಡಿದವನು ದ್ವಿಮಾನ ಗಣಿತದಲ್ಲಿ ಉಪಯೋಗವನ್ನು ಕಾಣದೆ ಹೋಗಿದ್ದ ಫಾಂಟೆನೆಲನೇ.

ರಾಜ್ಯದ ರಹಸ್ಯಗಳು ಬಯಲಾದಾವೆಂಬ ಭಯದಿಂದ ಪ್ರಭುವು ಆತನ ಕಾಗದಪತ್ರಗಳಿಗೆಲ್ಲ ಮುದ್ರೆ ಹಾಕಿಸಿದನು. ಆ ಭಯವೇ ಲೋಕಕ್ಕೆ ಉಪಕಾರವಾಯಿತು; ಅವು ಬಹುಮಟ್ಟಿಗೆ ಚದುರದೆ ಉಳಿದವು. ಸುಮಾರು ಎರಡು ಲಕ್ಷ ಪುಟಗಳು, ಸುಮಾರು ಸಾವಿರದ ನೂರು ಮಂದಿಯೊಡನೆ ನಡೆದ ಹದಿನೈದು ಸಾವಿರದಷ್ಟು ಪತ್ರಗಳು! ೧೯೨೩ರಲ್ಲಿ ಆರಂಭವಾದ ಇವುಗಳ ಸಮಗ್ರ ಮುದ್ರಣವು ಇಂದಿಗೂ ಮುಗಿದಿಲ್ಲ. ಈ ಪತ್ರವ್ಯವಹಾರವನ್ನು ೨೦೦೭ರಲ್ಲಿ ಯುನೆಸ್ಕೋ ಸಂಸ್ಥೆಯು ಲೋಕದ ನೆನಪಿನ ನಿಧಿಗಳ ಪಟ್ಟಿಗೆ ಸೇರಿಸಿತು.

ಉಪಯೋಗವಿಲ್ಲವೆಂದ ಗಣಿತಕ್ಕೆ ಉಪಯೋಗದ ದಿನ ಬಂದುದು ಇನ್ನೂ ತಡವಾಗಿ. ೧೯೩೭ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ತರುಣನು ವಿದ್ಯುತ್ತಿನ ಸ್ವಿಚ್ಚನ್ನು ತೆರೆಯುವುದು ಮುಚ್ಚುವುದರಿಂದಲೇ ದ್ವಿಮಾನದ ಲೆಕ್ಕಗಳನ್ನು ಮಾಡಬಹುದೆಂದು ತೋರಿಸಿದನು. ೧೯೪೧ರಲ್ಲಿ ಕೊನ್ರಾಡ್ ತ್ಸೂಸೆ ಎಂಬಾತನು ಬರ್ಲಿನ್ನಿನಲ್ಲಿ ಎರಡೇ ಅಂಕೆಗಳ ಗಣಕಯಂತ್ರವನ್ನು ಕಟ್ಟಿ ನಡೆಸಿದನು. ರಂಧ್ರಗಳ ಪೆಟ್ಟಿಗೆಯ ಕಲ್ಪನೆಗೂ ಈ ಯಂತ್ರಕ್ಕೂ ನಡುವೆ ಇನ್ನೂರ ಅರುವತ್ತೆರಡು ವರ್ಷಗಳು.

ಇಂದು ಊರಿಂದ ಊರಿಗೆ, ಗಡಿಯಿಂದ ಗಡಿಗೆ, ನಮ್ಮವರು ಕೈಯಲ್ಲಿಯ ದೂರವಾಣಿಯಲ್ಲಿ ಕನ್ನಡದಲ್ಲಿ ಓಲೆ ಬರೆಯುತ್ತಾರೆ. ಲೋಕದ ಬಹುತೇಕ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಕ್ರಮದಲ್ಲಿ ನಮ್ಮ ವರ್ಣಮಾಲೆಯ ಮೊದಲಕ್ಷರವಾದ ಅಕಾರದ ಸಂಖ್ಯೆ ೩೨೦೫. ಎರಡರ ಮಾನದಲ್ಲಿ ಅದು ೧೧೦೦೧೦೦೦೦೧೦೧. ವಿಶ್ವಾಸವಿಲ್ಲದವರು ೨೦೪೮, ೧೦೨೪, ೧೨೮, ೪, ೧ ಇವನ್ನು ಕೂಡಿಸಿ ನೋಡಬಹುದು. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಅಕ್ಕಿಯ ಮೇಲೆ ಬೆರಳಿನಿಂದ ತಿದ್ದಿಸುವ ಅದೇ ಅಕಾರವು ಯಂತ್ರದ ಒಳಗೆ ಒಂದು ಸೊನ್ನೆಗಳ ಸಾಲಾಗಿ ಸಾಗಿ, ಆಚೆಯ ಊರಿನಲ್ಲಿ ಮತ್ತೆ ಅಕಾರವಾಗಿಯೇ ಮೂಡುತ್ತದೆ. ಹೆಸರಿನ ಕಲ್ಲಿಲ್ಲದೆ ಅರ್ಧ ಶತಮಾನ ಮಲಗಿದ್ದ ಆ ಮಹನೀಯನ ದುಡಿಮೆಯ ಒಂದಂಶ ಅದರಲ್ಲಿದೆ. ಮಕ್ಕಳು ಕೇಳಿದಾಗ ಆತನ ಹೆಸರನ್ನು ಹೇಳೋಣ. ಅದು ನಾವು ಸಲ್ಲಿಸಬಹುದಾದ ಋಣ.